ಪೌರತ್ವದ ಬೆಲೆ

ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲೂಕಿನಲ್ಲಿ ಕಲ್ಲೋಳಿ ಎಂಬ ಊರಿದೆ. ಅಲ್ಲಿಯ ರೈತನೊಬ್ಬನು ತಾನು ತಯಾರಿಸಿದ ಬೆಲ್ಲವನ್ನು ಮಾರಲು ಮಹಾರಾಷ್ಟ್ರದ ಕೊಲ್ಲಾಪುರಕ್ಕೆ ಹೋಗಬಹುದು. ಅವನ ಮಗಳು ವಿದ್ಯಾಭ್ಯಾಸಕ್ಕಾಗಿ ಪುಣೆಯಲ್ಲಿ ನೆಲೆಸಬಹುದು. ರಾಜ್ಯದ ಗಡಿಯನ್ನು ದಾಟುವಾಗ ಅವರನ್ನು ತಡೆದು, “ನಿಮ್ಮ ಪಾಸ್‌ಪೋರ್ಟ್ ಎಲ್ಲಿ?” ಎಂದು ಯಾರೂ ಕೇಳುವುದಿಲ್ಲ. ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ ಮತ್ತು ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ವಿಧಿಯು ನಾಗರಿಕರಿಗೆ ನೀಡಿದೆ. ಆದರೆ ನೆರಳಿನಲ್ಲಿ ನಿಂತವನಿಗೆ ಬಿಸಿಲಿನ ಬೇಗೆ ತಿಳಿಯದು. ಪೌರತ್ವದ ಬೆಲೆಯನ್ನು ಅರಿಯಬೇಕಾದರೆ ಅದಿಲ್ಲದವರ ಬಾಳನ್ನು ನೋಡಬೇಕು.

ಈ ನೆರಳು ಕಲ್ಲೋಳಿಯ ಜನರಿಗೂ ಬಹುಕಾಲದಿಂದ ದೊರೆತುದಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ಗೋಕಾಕ ಸೀಮೆಯು ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಘಟಪ್ರಭಾ ನದಿಯ ದಡದಲ್ಲೇ ಇನ್ನಷ್ಟು ಕೆಳಗಿರುವ ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ನದಿ ಒಂದೇ, ಭಾಷೆ ಒಂದೇ. ಆದರೆ ಒಂದೂರಿನವರು ಬ್ರಿಟಿಷ್ ಪ್ರಜೆಗಳು, ಇನ್ನೊಂದೂರಿನವರು ಸಂಸ್ಥಾನದ ಪ್ರಜೆಗಳು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಈ ಭೇದವನ್ನು ಅಳಿಸಿ, ಎಲ್ಲರಿಗೂ ಒಂದೇ ಪೌರತ್ವವನ್ನು ಕೊಟ್ಟಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. ರಾಜ್ಯ ಬದಲಾಯಿತು, ಜನರ ಪೌರತ್ವ ಮಾತ್ರ ಕಿಂಚಿತ್ತೂ ಬದಲಾಗಲಿಲ್ಲ.

ಪೌರತ್ವವು ಯಾರಿಗೆ, ಹೇಗೆ ದೊರೆಯುತ್ತದೆ ಎಂಬುದನ್ನು 1955ರ ಪೌರತ್ವ ಅಧಿನಿಯಮವು ವಿವರಿಸುತ್ತದೆ. ಜನನ, ವಂಶ, ನೋಂದಣಿ, ದೇಶೀಕರಣ ಇವು ಮುಖ್ಯ ಮಾರ್ಗಗಳು. ದೇಶೀಕರಣವೆಂದರೆ ವಿದೇಶೀಯನು ಇಲ್ಲಿ ದೀರ್ಘಕಾಲ ವಾಸಿಸಿ ನಾಗರಿಕನಾಗುವುದು. ಇದಕ್ಕೆ ಸಾಮಾನ್ಯವಾಗಿ ಒಟ್ಟು 12 ವರ್ಷಗಳ ವಾಸ ಬೇಕು. ಭಾರತೀಯನು ತಾನಾಗಿಯೇ ಬೇರೊಂದು ದೇಶದ ಪೌರತ್ವವನ್ನು ಪಡೆದರೆ ಇಲ್ಲಿಯದನ್ನು ಕಳೆದುಕೊಳ್ಳುತ್ತಾನೆ. ಪಾಸ್‌ಪೋರ್ಟ್ ಎಂಬುದು ಹೊರನಾಡಿಗೆ ಹೋಗುವವನಿಗೆ ತನ್ನ ಸರಕಾರವು ಕೊಡುವ ರಹದಾರಿ. “ಈತನು ನಮ್ಮವನು” ಎಂದು ಒಂದು ದೇಶವು ಇತರ ದೇಶಗಳಿಗೆ ಹೇಳುವ ಮಾತು ಅದು. ವೀಸಾ ಎಂಬುದು “ನಮ್ಮಲ್ಲಿಗೆ ಬರಬಹುದು” ಎಂದು ಆ ದೇಶವು ಕೊಡುವ ಒಪ್ಪಿಗೆ. ದೀರ್ಘಕಾಲ ಉಳಿಯಲು ಬಂದ ವಿದೇಶೀಯನು ಸಾಮಾನ್ಯವಾಗಿ ನೋಂದಣಿ ಕಚೇರಿಯಲ್ಲಿ ತನ್ನ ಹೆಸರನ್ನೂ ವಾಸಸ್ಥಳವನ್ನೂ ದಾಖಲಿಸಬೇಕಾಗುತ್ತದೆ.

“ಈತನು ನಮ್ಮವನು” ಎಂದು ಹೇಳುವ ದೇಶವೇ ಇಲ್ಲವಾದರೆ ಮನುಷ್ಯನ ಗತಿಯೇನು? ರಷ್ಯಾ ದೇಶದ ಲಕ್ಷಾಂತರ ಜನರು ಈ ಸಂಕಟವನ್ನು ಅನುಭವಿಸಿದರು. 1917ರ ಕ್ರಾಂತಿ ಮತ್ತು ಅನಂತರದ ಅಂತರ್ಯುದ್ಧದಲ್ಲಿ ಅವರು ತಾಯ್ನಾಡನ್ನು ಬಿಟ್ಟು ಓಡಿದರು. 1921ರಲ್ಲಿ ಹೊಸ ಸರಕಾರವು ಇಂಥವರ ಪೌರತ್ವವನ್ನು ಕಿತ್ತುಕೊಂಡಿತು. ಹಿಂದಿರುಗಲು ನಾಡಿಲ್ಲ, ಮುಂದೆ ಸಾಗಲು ರಹದಾರಿಯಿಲ್ಲ. ಆಗ ನಾರ್ವೆಯ ಮಹಾಪುರುಷ ಫ್ರಿಡ್ಚೋಫ್ ನಾನ್ಸೆನ್ ಅವರು ರಾಷ್ಟ್ರಸಂಘದ ಮೂಲಕ 1922ರಲ್ಲಿ ಇವರಿಗಾಗಿಯೇ ಒಂದು ಗುರುತಿನ ಪತ್ರವನ್ನು ರೂಪಿಸಿದರು. ‘ನಾನ್ಸೆನ್ ಪಾಸ್‌ಪೋರ್ಟ್’ ಎಂದು ಹೆಸರಾದ ಅದನ್ನು ಐವತ್ತಕ್ಕೂ ಹೆಚ್ಚು ದೇಶಗಳು ಮನ್ನಿಸಿದವು. ಅದೇ ವರ್ಷ ನಾನ್ಸೆನ್ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರವು ಸಂದಿತು.

ನಾಡಿನಲ್ಲೇ ಉಳಿದವರ ಪಾಡೂ ಸುಲಭವಾಗಿರಲಿಲ್ಲ. ಸೋವಿಯತ್ ಸರಕಾರವು 1932ರಲ್ಲಿ ದೇಶದೊಳಗಿನ ಸಂಚಾರಕ್ಕೂ ಪಾಸ್‌ಪೋರ್ಟ್ ಪದ್ಧತಿಯನ್ನು ತಂದಿತು. ಇಂತಹ ಊರಿನಲ್ಲೇ ವಾಸಿಸಬೇಕೆಂಬ ಮುದ್ರೆಯನ್ನು ಅದರಲ್ಲಿ ಒತ್ತಲಾಗುತ್ತಿತ್ತು. ಸಾಮೂಹಿಕ ಬೇಸಾಯದ ಹಳ್ಳಿಗಳ ಬಹುಪಾಲು ರೈತರಿಗಂತೂ ಆ ಪತ್ರವನ್ನೇ ಕೊಡಲಿಲ್ಲ. 1974ರಲ್ಲಿ ನಿಯಮವು ಬದಲಾಗುವ ತನಕ ಅವರು ತಮ್ಮಿಚ್ಛೆಯಂತೆ ಪಟ್ಟಣಕ್ಕೆ ಹೋಗಿ ನೆಲೆಸುವಂತಿರಲಿಲ್ಲ. ಕಲ್ಲೋಳಿಯ ರೈತನಿಗಿರುವ ಸ್ವಾತಂತ್ರ್ಯವು ಎಷ್ಟು ದೊಡ್ಡದೆಂಬುದು ಇದರಿಂದ ಮನವರಿಕೆಯಾಗುತ್ತದೆ.

ದೂರದ ರಷ್ಯಾದ ಮಾತೇಕೆ? ಬೆಳಗಾವಿಯ ನೆರೆಯ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲೇ ಇಂಥದೊಂದು ಕಥೆಯಿದೆ. 1959ರಲ್ಲಿ ದಲೈ ಲಾಮಾ ಅವರೂ ಸಾವಿರಾರು ಟಿಬೆಟನ್ನರೂ ಭಾರತದ ಆಶ್ರಯವನ್ನು ಬೇಡಿ ಬಂದರು. ಅಂದಿನ ಮೈಸೂರು ರಾಜ್ಯವು ಅವರಿಗೆ ನೆಲವನ್ನಿತ್ತಿತು. ಮೊದಲು ಬೈಲುಕುಪ್ಪೆಯಲ್ಲಿಯೂ, 1966ರಲ್ಲಿ ಮುಂಡಗೋಡದಲ್ಲಿಯೂ ವಸತಿಗಳು ತಲೆಯೆತ್ತಿದವು. ಹಿಮದ ನಾಡಿನವರು ಕಾಡು ಕಡಿದು ಹೊಲ ಮಾಡಿದರು, ಮೆಕ್ಕೆಜೋಳ ಬೆಳೆದರು, ಮಠಗಳನ್ನು ಕಟ್ಟಿದರು. ಅವರ ಮಕ್ಕಳು ಇಲ್ಲಿಯೇ ಹುಟ್ಟಿದರು. ಅವರಲ್ಲಿ ಎಷ್ಟೋ ಜನರು ಕನ್ನಡವನ್ನೂ ಆಡಬಲ್ಲರು. ಆದರೂ ಅವರು ವಿದೇಶೀಯರೆಂದು ನೋಂದಣಿ ಪತ್ರವನ್ನು ಪಡೆದು, ಅವಧಿ ಮುಗಿದಂತೆ ಅದನ್ನು ನವೀಕರಿಸಿಕೊಳ್ಳಬೇಕಾಯಿತು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಗುರುತಿನ ಪ್ರಮಾಣಪತ್ರವನ್ನು ಬೇಡಬೇಕಾಯಿತು.

ಕಾನೂನಿನ ಒಂದು ದಿನಾಂಕವು ಇವರ ಬಾಳಿನಲ್ಲಿ ಗಡಿಗೆರೆಯನ್ನೇ ಎಳೆದಿದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು, ಕೆಲವೇ ಅಪವಾದಗಳನ್ನು ಬಿಟ್ಟರೆ, ಜನ್ಮತಃ ಭಾರತದ ನಾಗರಿಕರು. ಆ ದಿನದಿಂದ ಮುಂದೆ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರಿಂದ ನಿಯಮವು ಇನ್ನೂ ಬಿಗಿಯಾಯಿತು. ಟಿಬೆಟ್ಟಿನಿಂದ ಬಂದ ದಂಪತಿಗಳಿಗೆ 1986ರಲ್ಲಿ ಒಬ್ಬ ಮಗಳೂ 1988ರಲ್ಲಿ ಒಬ್ಬ ಮಗನೂ ಹುಟ್ಟಿದರೆಂದು ಭಾವಿಸಿರಿ. ಒಂದೇ ಮನೆ, ಒಂದೇ ತೊಟ್ಟಿಲು. ಅಕ್ಕನು ಭಾರತೀಯಳು, ತಮ್ಮನು ವಿದೇಶೀಯನು!

ಅಕ್ಕನಂತಹವರ ಹಕ್ಕು ಕೂಡ ಬಹುಕಾಲ ಕಾಗದದಲ್ಲೇ ಉಳಿದಿತ್ತು. 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದವು. 2017ರಲ್ಲಿ ಅವರಿಗೆ ಪಾಸ್‌ಪೋರ್ಟ್ ಕೊಡಲು ಸರಕಾರವು ಒಪ್ಪಿತು. ನಿರಾಶ್ರಿತರ ನೋಂದಣಿ ಪತ್ರವನ್ನು ಹಿಂದಿರುಗಿಸಬೇಕೆಂಬ ಷರತ್ತೂ ಅದರೊಡನೆ ಬಂದಿತು. ಕೆಲವರು ಪೌರತ್ವವನ್ನು ಪಡೆದರು. ಇನ್ನು ಕೆಲವರು, ಎಂದಾದರೊಂದು ದಿನ ತಾಯ್ನಾಡಿಗೆ ಮರಳುವ ಆಸೆಯನ್ನು ಬಿಡಲಾರದೆ, ಹಳೆಯ ಪತ್ರವನ್ನೇ ಇಟ್ಟುಕೊಂಡರು. ಇವರಲ್ಲಿ ಯಾರನ್ನು ತಾನೆ ತಪ್ಪೆನ್ನಬಹುದು?

ಪ್ರತಿಯೊಂದು ದೇಶಕ್ಕೂ ತನ್ನ ಗಡಿಯನ್ನು ಕಾಯುವ, ಬಂದವರ ಲೆಕ್ಕವನ್ನಿಡುವ ಹಕ್ಕಿದೆ. ನಿಯಮವಿಲ್ಲದ ನಾಡು ಬಾಗಿಲಿಲ್ಲದ ಮನೆಯಂತೆ. ಆದರೆ ಬಾಗಿಲ ಹೊರಗೆ ನಿಂತವನೂ ಮನುಷ್ಯನೆಂಬುದನ್ನು ಮರೆಯಲಾಗದು. ಜೀವದ ರಕ್ಷಣೆಯನ್ನೂ ಕಾನೂನಿನೆದುರು ಸಮಾನತೆಯನ್ನೂ ನಮ್ಮ ಸಂವಿಧಾನವು ನಾಗರಿಕರಿಗೆ ಮಾತ್ರವಲ್ಲ, ಈ ನೆಲದಲ್ಲಿರುವ ಎಲ್ಲರಿಗೂ ನೀಡಿದೆ. ಮಗು ಹುಟ್ಟಿದ 21 ದಿನಗಳೊಳಗೆ ಜನನವನ್ನು ನೋಂದಾಯಿಸಿ ಪಡೆಯುವ ಪತ್ರವನ್ನು ನಾವು ಎಲ್ಲೋ ಪೆಟ್ಟಿಗೆಯ ತಳದಲ್ಲಿಟ್ಟು ಮರೆಯುತ್ತೇವೆ. ಅಂಥ ಒಂದು ಹಾಳೆಗಾಗಿ ಬಾಳೆಲ್ಲ ಕಚೇರಿಗಳ ಮೆಟ್ಟಿಲು ಹತ್ತಿದವರಿದ್ದಾರೆ. ಪೌರತ್ವದ ಬೆಲೆಯನ್ನು ಅವರಿಂದ ಕಲಿತು, ಅದನ್ನು ಜೋಪಾನವಾಗಿ ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯ. ಅದಿಲ್ಲದವರನ್ನು ಆದರದಿಂದ ಕಾಣುವುದು ನಮ್ಮ ಧರ್ಮ.