ಮನೆಯ ಹಿಡಿತ ಮನೆಯಲ್ಲೇ ಇರಲಿ: ಹೋಮ್ ಅಸಿಸ್ಟೆಂಟ್ ಪರಿಚಯ

ಸ್ಮಾರ್ಟ್ ಬಲ್ಬಿಗೆ ಒಂದು ಆ್ಯಪ್, ಪ್ಲಗ್ಗಿಗೆ ಇನ್ನೊಂದು, ಕ್ಯಾಮೆರಾಕ್ಕೆ ಮತ್ತೊಂದು. ಹಾಲ್‌ನ ದೀಪ ಹಚ್ಚು ಎಂದು ಮೊಬೈಲಿನಲ್ಲಿ ಒತ್ತಿದರೆ, ಆ ಮಾತು ಎಷ್ಟೋ ಸಲ ತಯಾರಕರ ಸರ್ವರ್‌ಗೆ ಹೋಗಿ ಮನೆಗೆ ಮರಳುತ್ತದೆ. ಈ ಸುತ್ತಾಟ ತಪ್ಪಿಸಿ, ಎಲ್ಲ ಉಪಕರಣಗಳನ್ನೂ ಮನೆಯೊಳಗಿನ ಒಂದೇ ಕಂಪ್ಯೂಟರಿನಿಂದ ನಡೆಸಬಲ್ಲ ಮುಕ್ತ ತಂತ್ರಾಂಶ ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಕೌಟ್ಸನ್ 2013ರಲ್ಲಿ ಇದನ್ನು ಪೈಥಾನ್ ಭಾಷೆಯಲ್ಲಿ ಬರೆಯಲು ಶುರುಮಾಡಿದರು. 2024ರಿಂದ ಓಪನ್ ಹೋಮ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿದೆ.

ಅಳವಡಿಸಲು ಈಗ ಎರಡು ಅಧಿಕೃತ ದಾರಿಗಳಿವೆ. ಒಂದು, ಇಡೀ ಯಂತ್ರವನ್ನೇ ಅದಕ್ಕೆ ಬಿಟ್ಟುಕೊಡುವ ಹೋಮ್ ಅಸಿಸ್ಟೆಂಟ್ ಓಎಸ್. ಇನ್ನೊಂದು, ಬೇರೆ ಕೆಲಸಕ್ಕೂ ಬಳಕೆಯಲ್ಲಿರುವ ಲಿನಕ್ಸ್ ಕಂಪ್ಯೂಟರಿನಲ್ಲಿ ಡಾಕರ್ ಎಂಬ ತಂತ್ರಾಂಶದ ಮೂಲಕ ಕಂಟೇನರ್ ಆಗಿ ನಡೆಸುವುದು. ಈ ಲೇಖನ ಎರಡನೆಯದರ ಬಗ್ಗೆ. ಹಳೆಯ ಲ್ಯಾಪ್‌ಟಾಪ್ ಆದರೂ ನಡೆದೀತು, ರಾಸ್ಪ್‌ಬೆರಿ ಪೈ 4 ಆದರೂ ಸರಿ. 64 ಬಿಟ್ ಲಿನಕ್ಸ್ ಇರಲಿ.

ಕಂಟೇನರ್ ಎಂದರೆ ತಂತ್ರಾಂಶವನ್ನೂ ಅದಕ್ಕೆ ಬೇಕಾದ ಪರಿಕರಗಳನ್ನೂ ಒಟ್ಟಿಗೆ ಕಟ್ಟಿಟ್ಟ ವ್ಯವಸ್ಥೆ. ಅದನ್ನು ಬಾಡಿಗೆ ಮನೆ ಎಂದುಕೊಳ್ಳಿ. ಹೊಸ ಆವೃತ್ತಿ ಬಂದಾಗ ಹಳೆ ಮನೆ ಖಾಲಿ ಮಾಡಿ ಹೊಸದಕ್ಕೆ ಹೋಗುತ್ತೀರಿ. ಮನೆ ಬದಲಾದರೂ ಸಾಮಾನು ನಿಮ್ಮದೇ. ಆ ಸಾಮಾನು ಎಲ್ಲಿದೆ ಎಂದು ತಿಳಿದಿದ್ದರೆ ಮುಂದಿನದೆಲ್ಲ ಸಲೀಸು.

ಡಾಕರ್ ಜೊತೆಗೆ ಬರುವ ಕಂಪೋಸ್ ಎಂಬ ಸಾಧನಕ್ಕೆ ಒಂದು ಚಿಕ್ಕ ಫೈಲ್ ಬರೆದುಕೊಡಬೇಕು. ಹೋಮ್ ಅಸಿಸ್ಟೆಂಟಿನ ಅಧಿಕೃತ ಕೈಪಿಡಿಯಲ್ಲಿ ಇದರ ಮಾದರಿ ಇದೆ. ನಕಲು ಮಾಡುವ ಮೊದಲು ಅದರ ನಾಲ್ಕು ಸಾಲುಗಳ ಅರ್ಥ ತಿಳಿದುಕೊಳ್ಳಿ.

ಮೊದಲನೆಯದು ಫೋಲ್ಡರಿನ ಸಾಲು. ನಿಮ್ಮ ಡಿಸ್ಕಿನ ಒಂದು ಫೋಲ್ಡರನ್ನು ಕಂಟೇನರ್ ಒಳಗಿನ ‘ಕಾನ್ಫಿಗ್’ ಫೋಲ್ಡರಿಗೆ ಇದು ಜೋಡಿಸುತ್ತದೆ. ಇದನ್ನು ಬಿಟ್ಟರೆ, ಕಂಟೇನರ್ ಅಳಿಸಿದ ದಿನ ನೀವು ಮಾಡಿದ ಕೆಲಸವೂ ಕೈತಪ್ಪುತ್ತದೆ.

ಎರಡನೆಯದು ನೆಟ್‌ವರ್ಕ್. ಇಲ್ಲಿ ‘ಹೋಸ್ಟ್’ ಎಂದು ಬರೆಯಬೇಕು. ಟಿವಿ, ಸ್ಪೀಕರ್‌ನಂಥ ಉಪಕರಣಗಳು ‘ನಾನಿಲ್ಲಿದ್ದೇನೆ’ ಎಂದು ಮನೆಯ ನೆಟ್‌ವರ್ಕಿನಲ್ಲಿ ಸಾರುತ್ತಿರುತ್ತವೆ. ಡಾಕರ್ ತಾನಾಗಿ ಕಟ್ಟಿಕೊಳ್ಳುವ ಪ್ರತ್ಯೇಕ ಜಾಲದೊಳಗೆ ಆ ಕೂಗು ಕೇಳಿಸದು. ಹೋಸ್ಟ್ ಎಂದಾಗ ಕಂಟೇನರ್ ಕೂಡ ಮನೆಯ ಜಾಲದಲ್ಲೇ ಕೂತು ಅವುಗಳನ್ನು ಗುರುತಿಸುತ್ತದೆ.

ಮೂರನೆಯದು ಸಮಯ. ಕಂಟೇನರಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಭಾರತದಲ್ಲಿರುವವರು ಏಷ್ಯಾ–ಕೋಲ್ಕತಾ ವಲಯವನ್ನು ನಮೂದಿಸಬೇಕು.

ನಾಲ್ಕನೆಯದು ಮರುಚಾಲನೆ. ‘ಅನ್‌ಲೆಸ್ ಸ್ಟಾಪ್ಡ್’ ಎಂದು ಕೊಟ್ಟರೆ, ಕರೆಂಟು ಹೋಗಿ ಬಂದು ಕಂಪ್ಯೂಟರ್ ಎದ್ದ ಕೂಡಲೇ ಕಂಟೇನರೂ ಏಳುತ್ತದೆ. ನಮ್ಮ ಊರುಗಳಲ್ಲಿ ಈ ಸಾಲು ಇಲ್ಲದೆ ಆಗುವುದಿಲ್ಲ.

ಫೈಲ್ ಉಳಿಸಿ, ಕಂಪೋಸ್‌ಗೆ ‘ಅಪ್’ ಆದೇಶ ಕೊಡಿ. ಮೊದಲ ಸಲ ಕಂಟೇನರಿನ ಮೂಲಪ್ರತಿಯಾದ ಇಮೇಜ್ ಇಳಿಯಲು ಹೊತ್ತು ಹಿಡಿಯುತ್ತದೆ, ಕಾಯಿರಿ. ಬಳಿಕ ಬ್ರೌಸರಿನಲ್ಲಿ ಆ ಕಂಪ್ಯೂಟರಿನ ಐಪಿ ವಿಳಾಸ ಬರೆದು, ಮುಂದೆ ಕೋಲನ್ (:) ಇಟ್ಟು 8123 ಸೇರಿಸಿದರೆ ಸ್ವಾಗತದ ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಖಾತೆ ತೆರೆದು, ಮನೆ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಿ.

ನಕ್ಷೆ ಏಕೆ ಎಂಬುದು ಮೊದಲ ಆಟೊಮೇಶನ್, ಅಂದರೆ ತಾನಾಗಿ ನಡೆಯುವ ನಿಯಮ, ಮಾಡುವಾಗ ತಿಳಿಯುತ್ತದೆ. ವರಾಂಡದ ದೀಪವನ್ನೇ ತೆಗೆದುಕೊಳ್ಳಿ. ಯಾವಾಗ ಎಂಬಲ್ಲಿ ‘ಸೂರ್ಯಾಸ್ತ’ ಆರಿಸಿ, ಹದಿನೈದು ನಿಮಿಷ ಮೊದಲು ಎಂದು ಸೇರಿಸಿ, ಏನು ಮಾಡಬೇಕು ಎಂಬಲ್ಲಿ ದೀಪ ಹಚ್ಚು ಎನ್ನಿ. ನಿಮ್ಮ ಮನೆಯ ಅಕ್ಷಾಂಶ ರೇಖಾಂಶಗಳಿಂದ ಆ ದಿನದ ಸೂರ್ಯಾಸ್ತವನ್ನು ಕಂಪ್ಯೂಟರೇ ಲೆಕ್ಕಹಾಕುತ್ತದೆ. ಡಿಸೆಂಬರಿನಲ್ಲಿ ದೀಪ ಬೇಗ ಹತ್ತುತ್ತದೆ, ಜೂನಿನಲ್ಲಿ ತಡವಾಗಿ. ದೀಪವೂ ಸ್ಥಳೀಯವಾಗಿ ಮಾತಾಡುವಂಥದ್ದಾದರೆ ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಆದ್ದರಿಂದ ಉಪಕರಣ ಕೊಳ್ಳುವ ಮುನ್ನ ಹೋಮ್ ಅಸಿಸ್ಟೆಂಟಿನ ಪಟ್ಟಿಯಲ್ಲಿ ಅದರ ಪುಟ ನೋಡಿ: ‘ಲೋಕಲ್’ ಎಂದಿದ್ದರೆ ಕೆಲಸ ಮನೆಯೊಳಗೇ ಮುಗಿಯುತ್ತದೆ, ‘ಕ್ಲೌಡ್’ ಎಂದಿದ್ದರೆ ಮತ್ತೆ ದೂರದ ಸರ್ವರನ್ನೇ ನಂಬಬೇಕು.

ಕಂಟೇನರ್ ದಾರಿಗೆ ಒಂದು ಮಿತಿ ಇದೆ. ಓಎಸ್‌ನಲ್ಲಿ ಒಂದು ಗುಂಡಿ ಒತ್ತಿ ಸೇರಿಸಿಕೊಳ್ಳುವ, ‘ಆ್ಯಡ್-ಆನ್’ ಎಂದು ಹೆಸರಾಗಿದ್ದ ಹೆಚ್ಚುವರಿ ತಂತ್ರಾಂಶಗಳು ಇಲ್ಲಿಲ್ಲ. ಜಿಗ್ಬೀ ಎಂಬ ನಿಸ್ತಂತು ಸಂಪರ್ಕದ ಸೆನ್ಸರುಗಳನ್ನು ಜಿಗ್ಬೀ2ಎಂಕ್ಯೂಟಿಟಿ ಎಂಬ ತಂತ್ರಾಂಶದ ಮೂಲಕ ನಡೆಸಬೇಕೆಂದರೆ ಅದಕ್ಕೊಂದು, ಅದರ ಸಂದೇಶ ಸಾಗಿಸುವ ಮಸ್ಕಿಟೊಗೆ ಇನ್ನೊಂದು ಕಂಟೇನರನ್ನು ನೀವೇ ಏಳಿಸಬೇಕು. ಆದರೆ ಮೊದಲನೆಯದನ್ನು ಅರಿತು ಮಾಡಿದವರಿಗೆ ಇವು ಅದೇ ಪಾಠದ ಮುಂದಿನ ಅಭ್ಯಾಸಗಳು. ಇನ್ನೊಂದು ಎಚ್ಚರಿಕೆ: ಮನೆಯಾಚೆಯಿಂದಲೂ ಬಳಸಬೇಕೆಂದು 8123ನೇ ಪೋರ್ಟನ್ನು ರೂಟರಿನಲ್ಲಿ ಸೀದಾ ತೆರೆದಿಡಬೇಡಿ. ವಿಪಿಎನ್ ಮೂಲಕ ಬನ್ನಿ.

ಹೊಸ ಆವೃತ್ತಿ ತಿಂಗಳಿಗೊಮ್ಮೆ ಬರುತ್ತದೆ. ಬಿಡುಗಡೆಯ ಟಿಪ್ಪಣಿ ಓದಿ, ಬ್ಯಾಕಪ್ ತೆಗೆದು, ಕಂಪೋಸ್‌ಗೆ ‘ಪುಲ್’ ಕೊಟ್ಟು ಮತ್ತೆ ‘ಅಪ್’ ಎಂದರೆ ಆಯಿತು. ಬ್ಯಾಕಪ್ ಕೂಡ ಅದೇ ಕಾನ್ಫಿಗ್ ಫೋಲ್ಡರಿನೊಳಗೇ ಸೇರುತ್ತದೆ, ಹಾಗಾಗಿ ಅದರ ಪ್ರತಿಯನ್ನು ಬೇರೆ ಡಿಸ್ಕಿಗೆ ಸಾಗಿಸಿ. ಫೋಲ್ಡರನ್ನೇ ಕೈಯಾರೆ ನಕಲು ಮಾಡುವುದಾದರೆ, ಚುಕ್ಕಿಯಿಂದ ಆರಂಭವಾಗುವ ‘ಸ್ಟೋರೇಜ್’ ಎಂಬ ಅಡಗಿದ ಫೋಲ್ಡರ್ ಬಿಟ್ಟುಹೋಗದಂತೆ ನೋಡಿ. ಪರದೆಯ ಮೇಲೆ ನೀವು ಸೇರಿಸಿದ ಉಪಕರಣಗಳ ವಿವರ ಇರುವುದು ಅದರಲ್ಲೇ.

ಇಷ್ಟಾದ ಮೇಲೆ ಒಂದು ಪರೀಕ್ಷೆ ಮಾಡಿ. ಬ್ಯಾಕಪ್ ಭದ್ರವಾಗಿದೆ ಎಂದು ಖಾತ್ರಿಪಡಿಸಿಕೊಂಡು, ಕಂಪೋಸ್‌ಗೆ ‘ಡೌನ್’ ಕೊಟ್ಟು ಕಂಟೇನರನ್ನು ತೆಗೆದುಹಾಕಿ. ಫೋಲ್ಡರನ್ನು ಮಾತ್ರ ಮುಟ್ಟಬೇಡಿ. ಮತ್ತೆ ‘ಅಪ್’ ಎನ್ನಿ. ನಿಮ್ಮ ಖಾತೆ, ದೀಪಗಳು, ಸೂರ್ಯಾಸ್ತದ ನಿಯಮ ಎಲ್ಲವೂ ಇದ್ದಲ್ಲೇ ಇದ್ದರೆ ಅಡಿಪಾಯ ಗಟ್ಟಿಯಾಗಿದೆ. ಎರಡನೇ ಉಪಕರಣವನ್ನು ಧೈರ್ಯವಾಗಿ ಸೇರಿಸಿ.