ಬಿತ್ತನೆಯ ಕಾಳಿಗೆ ಎಣ್ಣೆಯ ರಕ್ಷಣೆ

ಅಲಸಂದೆ, ಹೆಸರು, ಕಡಲೆ ಕಾಳುಗಳನ್ನು ಬಿತ್ತನೆಗೆಂದು ಕೂಡಿಟ್ಟ ರೈತರು ಮುಂಗಾರಿನಲ್ಲಿ ಮಡಕೆ ತೆರೆದಾಗ ತೂತುಬಿದ್ದ ಕಾಳು ಮತ್ತು ಹಿಟ್ಟನ್ನು ಕಾಣುವುದುಂಟು. ಇದಕ್ಕೆ ಕಾಳು ಕೊರೆಯುವ ದುಂಬಿಯೇ ಕಾರಣ.

ಬಾಧೆಯ ಬಗೆ: ಹೆಣ್ಣು ದುಂಬಿಯು ಹೊಲದಲ್ಲಿ ಮಾಗಿದ ಕಾಯಿಗಳ ಮೇಲೂ, ಶೇಖರಣೆಯಲ್ಲಿ ಕಾಳಿನ ಮೇಲೂ ಮೊಟ್ಟೆ ಅಂಟಿಸುತ್ತದೆ. ಇವು ಬಿಳಿ ಚುಕ್ಕೆಗಳಂತೆ ಕಾಣುತ್ತವೆ. 4-6 ದಿನಗಳಲ್ಲಿ ಮರಿಹುಳು ಕಾಳಿನೊಳಕ್ಕೆ ಕೊರೆದು ಸೇರಿ, ಅಲ್ಲಿಯೇ ತಿಂದು ಬೆಳೆದು, ಸುಮಾರು ಒಂದು ತಿಂಗಳಲ್ಲಿ ದುಂಬಿಯಾಗಿ ಹೊರಬರುತ್ತದೆ. ಒಳಸೇರಿದ ಹುಳುವಿಗೆ ಎಣ್ಣೆ ತಾಗುವುದು ಕಷ್ಟ. ಆದುದರಿಂದ ಕಾಳು ಒಣಗಿದ ಕೂಡಲೇ ಉಪಚರಿಸತಕ್ಕದ್ದು.

ಎಣ್ಣೆಗಳಲ್ಲಿ ಎರಡು ಬಗೆ: ನೀಲಗಿರಿ, ಮಜ್ಜಿಗೆಹುಲ್ಲು, ಬಜೆ ಇವುಗಳ ಸುಗಂಧ ತೈಲಗಳು ಆವಿಯಾಗಿ ದುಂಬಿಗಳನ್ನು ಕೊಲ್ಲುತ್ತವೆ. ಗೋಣಿಚೀಲದಲ್ಲಿ ಈ ಆವಿ ನಿಲ್ಲದು. ಬಿಗಿ ಮುಚ್ಚಳದ ಡಬ್ಬಿ ಬೇಕು. ಡಬ್ಬಿ ತೆರೆದರೆ ಆವಿ ಹಾರಿಹೋಗಿ ರಕ್ಷಣೆಯೂ ಮುಗಿಯುತ್ತದೆ. ಬಜೆ ಎಣ್ಣೆಯಲ್ಲಿರುವ ಅಸರೋನ್ ಆರೋಗ್ಯಕ್ಕೆ ಹಾನಿಕರವಾದ್ದರಿಂದ ತಿನ್ನುವ ಕಾಳಿಗೆ ಅದನ್ನು ಬಳಸಕೂಡದು. ಬೇವು, ಕಡಲೆಕಾಯಿ ಎಣ್ಣೆಗಳು ಹಾರಿಹೋಗುವುದಿಲ್ಲ; ತೆಳುವಾದ ಪೊರೆಯಾಗಿ ನಿಂತು ಮೊಟ್ಟೆಗೆ ಗಾಳಿ ಸಿಗದಂತೆ ಮಾಡುತ್ತವೆ. ಮನೆಮಟ್ಟದ ಶೇಖರಣೆಗೆ ಇವೇ ಸೂಕ್ತ.

ಅನುಸರಿಸಬೇಕಾದ ಕ್ರಮಗಳು:

1. ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ 'ಕಟಕ್' ಎನ್ನುವಂತೆ ಒಣಗಿಸಿ, ತಣಿಯಲು ಬಿಡಿ.

2. ತೂತುಬಿದ್ದ ಕಾಳನ್ನು ಆರಿಸಿ ತೆಗೆಯಿರಿ. ಹೊಸ ಕಾಳಿಗೆ ಹಳೆಯದನ್ನು ಬೆರೆಸಬೇಡಿ.

3. ಬಿತ್ತನೆಯ ಕಾಳು 1 ಕಿಲೋಗೆ 5 ಮಿ.ಲೀ. ಬೇವಿನೆಣ್ಣೆ ಹಾಕಿ, ಪ್ರತಿ ಕಾಳಿಗೂ ಹತ್ತುವಂತೆ ಕೈಯಿಂದ ಉಜ್ಜಿ. ಅಡುಗೆಯ ಕಾಳಿಗೆ ಅಷ್ಟೇ ಪ್ರಮಾಣದ ಕಡಲೆಕಾಯಿ ಎಣ್ಣೆ ಸಾಕು.

4. ಹದಿನೈದು ದಿನಗಳಿಗೊಮ್ಮೆ ಒಂದು ಹಿಡಿ ಕಾಳು ತೆಗೆದು ಬಿಳಿ ಚುಕ್ಕೆಗಳಿವೆಯೇ ಎಂದು ಪರೀಕ್ಷಿಸಿ.

5. ಬಿತ್ತುವ ಮೊದಲು 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಎಣಿಸಿ ನೋಡಿ.

ಎಕರೆಗೆ ಬೇಕಾಗುವ ಬೀಜಕ್ಕೆ ತಗಲುವ ಎಣ್ಣೆ ಸ್ವಲ್ಪವೇ. ಬೀಜ ಕೆಟ್ಟರೆ ಮಾತ್ರ ಹದ ಬಂದ ದಿನ ಪೇಟೆಗೆ ಓಡಬೇಕಾದೀತು.