ಕಟ್ಟು

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿಗೆ ಸೇರಿದ ಗೊರವನಹಳ್ಳಿಯು ಮಹಾಲಕ್ಷ್ಮಿಯ ದೇವಾಲಯದಿಂದ ಹೆಸರಾದ ಊರು. ದೇವಾಲಯದ ಮುಂದೆ ಹೂವಾಡಗಿತ್ತಿಯರು ಹೂ ಕಟ್ಟುತ್ತಾರೆ. ಭಕ್ತರು ಮುಡಿಪು ಕಟ್ಟಿ ತರುತ್ತಾರೆ. ಸಮೀಪದಲ್ಲೇ ಜಯಮಂಗಲಿ ನದಿಗೆ ತೀತಾ ಜಲಾಶಯವನ್ನು ಕಟ್ಟಿದ್ದಾರೆ. ಒಂದು ಮೊಳ ಹೂವಿಗೂ ನದಿಯನ್ನು ತಡೆಯುವ ಅಣೆಗೂ ಒಂದೇ ಕ್ರಿಯಾಪದ! ಇಂಗ್ಲಿಷಿನಲ್ಲಿ ಹೇಳಹೊರಟರೆ ಹೂವಿಗೆ ‘ಟೈ’ ಎಂದೂ ಅಣೆಗೆ ‘ಬಿಲ್ಡ್’ ಎಂದೂ ಎರಡು ಪದಗಳನ್ನು ಹುಡುಕಬೇಕಾಗುತ್ತದೆ.

ಒಂದು ಪದಕ್ಕೆ ಎಷ್ಟು ಅರ್ಥಗಳಿವೆಯೆಂದು ತಿಳಿಯಲು ಅದರ ವಿರುದ್ಧಪದಗಳನ್ನು ಎಣಿಸಿ ನೋಡುವುದು ಒಳ್ಳೆಯ ಉಪಾಯ. ಕಟ್ಟಿದ ಗಂಟನ್ನು ಬಿಚ್ಚುತ್ತೇವೆ. ಕಟ್ಟಿದ ಮನೆಯನ್ನು ಕೆಡವುತ್ತೇವೆ. ಕಟ್ಟಿದ ಕೆರೆ ಒಡೆಯುತ್ತದೆ. ಕಟ್ಟಿದ ಮೋಡ ಚದುರುತ್ತದೆ. ಕಟ್ಟಿದ ಮೂಗು ಬಿಡುತ್ತದೆ. ಶಾಲೆಗೆ ಕಟ್ಟಿದ ಶುಲ್ಕವನ್ನು ಮಾತ್ರ ಬಿಚ್ಚುವಂತಿಲ್ಲ, ಕೆಡವುವಂತೆಯೂ ಇಲ್ಲ!

ಹಾಗಾದರೆ ಇವು ಉಚ್ಚಾರಣೆಯಲ್ಲಿ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳೋ? ಅಲ್ಲ. ಆಂಧ್ರದ ಗಡಿಯಲ್ಲಿರುವ ಪಾವಗಡದಲ್ಲಿ ತೆಲುಗು ಮನೆಮಾತಿನವರು ಹೂವಿಗೂ ಮನೆಗೂ ‘ಕಟ್ಟು’ ಎಂದೇ ಹೇಳುತ್ತಾರೆ. ತಮಿಳು, ಮಲಯಾಳಗಳಲ್ಲಿಯೂ ಹೀಗೆಯೇ ಎರಡು ಅರ್ಥಗಳು ಜೊತೆಯಾಗಿವೆ. ಬರೋ ಮತ್ತು ಎಮೆನೊ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶದಲ್ಲಿ ಇವೆಲ್ಲ ಒಂದೇ ಕುಟುಂಬದ ಪದಗಳಾಗಿ ನಿಂತಿವೆ. ಬಂಧಿಸುವುದೇ ಮೊದಲ ಅರ್ಥವಾಗಿದ್ದಿರಬೇಕು. ಗಳು, ಹಗ್ಗ, ಹುಲ್ಲುಗಳಿಂದ ಗುಡಿಸಲನ್ನು ಎಬ್ಬಿಸುವವನಿಗೆ ಬಿಗಿಯುವುದೇ ಮನೆ ಮಾಡುವ ಕೆಲಸವಷ್ಟೆ. ಮರದ ದಿಮ್ಮಿಗಳನ್ನು ಒಟ್ಟಿಗೆ ಬಿಗಿದು ಮಾಡಿದ ತೆಪ್ಪವನ್ನು ತಮಿಳರು ‘ಕಟ್ಟುಮರಂ’ ಎಂದು ಕರೆದರು. ಆ ಪದವೇ ಸಮುದ್ರ ದಾಟಿ ಇಂಗ್ಲಿಷಿನ ‘ಕ್ಯಾಟಮರಾನ್’ ಆಯಿತು. ಇಂದು ಅದು ಜೋಡಿ ಒಡಲಿನ ನಾವೆಯ ಹೆಸರು. ಅದರಲ್ಲಿ ಹಗ್ಗದ ಗಂಟು ಇರಬೇಕೆಂದಿಲ್ಲ.

ಕೆರೆಯನ್ನು ಕಟ್ಟುವುದೆಂದರೇನು? ಮಳೆ ಕಡಿಮೆಯಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಹಳ್ಳದ ನೀರು ಇಳಿಜಾರಿನಲ್ಲಿ ಓಡಿಹೋಗುತ್ತದೆ. ಅದಕ್ಕೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿದರೆ ನೀರು ನಿಲ್ಲುತ್ತದೆ. ದನವನ್ನು ಗೂಟಕ್ಕೆ ಕಟ್ಟಿದಂತೆ ಇಲ್ಲಿ ನೀರನ್ನು ಕಟ್ಟಿದ್ದಾರೆ. ತೂಬಿನಿಂದ ಹರಿದು ಬರುವ ನೀರನ್ನು ನೀರುಗಂಟಿಯು ಸರದಿಯಂತೆ ಗದ್ದೆಗಳಿಗೆ ಬಿಡುತ್ತಿದ್ದನು. ಆ ನೀರು ತಲುಪುವಷ್ಟು ನೆಲವೇ ‘ಅಚ್ಚುಕಟ್ಟು’. ಕೆರೆಯ ನೀರಿನಿಂದ ಒಂದು ಬೆಳೆಯನ್ನೂ ಕಾಣದ ಇಂದಿನ ಅನೇಕ ಮಕ್ಕಳಿಗೆ ಅಚ್ಚುಕಟ್ಟೆಂದರೆ ಓರಣ ಎಂಬುದಷ್ಟೇ ಗೊತ್ತು. ಕೆರೆ ಬತ್ತಿದಾಗ ಅದರೊಡನೆ ಒಂದು ಪದದ ಅರ್ಧ ಅರ್ಥವೂ ಬತ್ತುತ್ತದೆ.

ಇದೇ ಕೆಲಸವನ್ನು ಬೇರೆ ಭಾಷೆಗಳು ಬೇರೆ ಬದಿಯಿಂದ ನೋಡಿವೆ. ಇಂಗ್ಲಿಷಿನ ‘ಬಿಲ್ಡ್’ ಎಂಬುದು ವಾಸಸ್ಥಾನವೆಂಬ ಅರ್ಥದ ಹಳೆಯ ಪದವೊಂದರಿಂದ ಹುಟ್ಟಿತು. ಅದರ ಬೇರೂ ನಮ್ಮ ‘ಭವನ’ದ ಬೇರೂ ಒಂದೇ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಸಂಸ್ಕೃತದ ‘ನಿರ್ಮಾಣ’ದಲ್ಲಿರುವ ಧಾತುವಿಗೆ ಅಳೆಯುವುದೆಂದು ಅರ್ಥ. ಒಬ್ಬನು ವಾಸವನ್ನು ಕಂಡನು, ಮತ್ತೊಬ್ಬನು ಅಳತೆಯನ್ನು ಕಂಡನು, ನಮ್ಮವನು ಬಿಗಿಯುವ ಕೈಯನ್ನು ಕಂಡನು.

ಈಗ ಪತ್ರಿಕೆಗಳಲ್ಲಿ, ಕಟ್ಟಡಗಳ ಫಲಕಗಳಲ್ಲಿ ಎಲ್ಲೆಲ್ಲಿಯೂ ‘ನಿರ್ಮಿಸಲಾಗಿದೆ’ ಎಂಬ ಮಾತೇ ಕಾಣುತ್ತದೆ. ಶುಲ್ಕವನ್ನು ಕಟ್ಟುವವರಿಲ್ಲ, ಪಾವತಿಸುವವರೇ ಎಲ್ಲರೂ. ಅವು ತಪ್ಪಾದ ಪದಗಳಲ್ಲ. ಆದರೆ ಬುತ್ತಿಯನ್ನು ನಿರ್ಮಿಸಲು ಬರುವುದಿಲ್ಲ, ಸೊಂಟವನ್ನು ಪಾವತಿಸಿ ಕೆಲಸಕ್ಕೆ ನಿಲ್ಲಲೂ ಆಗದು. ನಮ್ಮ ಕಡೆಯ ರೈತರು ಹಳೆಯ ಕೆರೆಯ ಏರಿಯ ಮೇಲೆ ನಿಂತಾಗ, ‘ಇದನ್ನು ಕಟ್ಟಿಸಿದ ಪುಣ್ಯಾತ್ಮರು ಯಾರೋ’ ಎಂದೇ ಕೇಳುತ್ತಾರೆ.